ಸಹಿ ಹಾಕುವ ಮೊದಲು ಆ ನಾಲ್ಕು ಕಾಗದ ಓದಿ, ಡಾಕ್ಟ್ರೇ

ಪ್ರಶ್ನೆ: ನನಗೆ 33 ವರ್ಷ. ಎಂಡಿ ಜನರಲ್ ಮೆಡಿಸಿನ್ ಮುಗಿಸಿ ಎರಡು ವರ್ಷವಾಯಿತು. ದಾವಣಗೆರೆಯ ಖಾಸಗಿ ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್. ತಿಂಗಳಿಗೆ 2 ಲಕ್ಷ, ಟಿಡಿಎಸ್ ಹಿಡಿದು 1.80 ಲಕ್ಷ ಕೈಗೆ ಬರುತ್ತದೆ. ಎಜುಕೇಷನ್ ಲೋನ್ 18 ಲಕ್ಷ ಬಾಕಿ ಇದೆ. ಹೆಂಡತಿ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಒಂದೂವರೆ ವರ್ಷದ ಮಗಳಿದ್ದಾಳೆ. ಸೋದರಮಾವ ವಿಮಾ ಏಜೆಂಟ್, ಅವರ ಒತ್ತಾಯಕ್ಕೆ ಹೋದ ವಾರ ವರ್ಷಕ್ಕೆ 3 ಲಕ್ಷ ಕಟ್ಟುವ ಪಾಲಿಸಿ ಮಾಡಿಸಿದೆ. ಆಸ್ಪತ್ರೆಯವರು ಮೂರು ವರ್ಷದ ಹೊಸ ಕರಾರು ಕೊಟ್ಟಿದ್ದಾರೆ. ‘ಇನ್ಶೂರೆನ್ಸ್ ನಮ್ಮದಿದೆ, ನೀವು ಬೇರೆ ಮಾಡಿಸೋದು ಬೇಡ’ ಅಂತ ಮೇಲ್ ಕಳಿಸಿದ್ದಾರೆ. ನಮ್ಮೂರು ಹೊಸದುರ್ಗದಲ್ಲಿ 10 ಬೆಡ್‌ನ ನರ್ಸಿಂಗ್ ಹೋಮ್ ಕಟ್ಟಲು ಬ್ಯಾಂಕೊಂದು 80 ಲಕ್ಷ ಸಾಲ ಕೊಡಲು ತಯಾರಿದೆ, ಡಾಕ್ಟರ್ ಅಂತ ನಂಬಿ ಕೊಡ್ತಿದ್ದಾರೆ. ಅಪ್ಪನ ತೆಂಗಿನ ತೋಟ ಅಡ ಇಡಬೇಕು, ಅವರಿಗೆ ಅದು ಬಿಟ್ಟು ಬೇರೆ ಆದಾಯವಿಲ್ಲ. ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಕೋರ್ಸ್) ಮಾಡುವ ಆಸೆಯೂ ಬಿಟ್ಟಿಲ್ಲ. ಎಲ್ಲ ಕಾಗದಗಳ ಪ್ರತಿ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಡಾಕ್ಟ್ರೇ, ನೀವು ಕಳಿಸಿದ್ದು ನಾಲ್ಕು ಕಾಗದ. ಪಾಲಿಸಿ, ಆಸ್ಪತ್ರೆಯ ಮೇಲ್, ಕರಾರು, ಬ್ಯಾಂಕಿನ ಪತ್ರ. ಪಾಲಿಸಿಯಿಂದಲೇ ಶುರು ಮಾಡುತ್ತೇನೆ. ಉಳಿದ ಮೂರಕ್ಕೆ ಯೋಚಿಸಲು ಸಮಯವಿದೆ, ಇದಕ್ಕೆ ಗಡುವಿದೆ.

ಜೀವವಿಮೆ ಪಾಲಿಸಿಯ ದಾಖಲೆ ಕೈಸೇರಿದ ದಿನದಿಂದ 30 ದಿನದೊಳಗೆ ಅದನ್ನು ವಾಪಸ್ ಕೊಡುವ ಹಕ್ಕು ನಿಮಗಿದೆ. ಫ್ರೀ ಲುಕ್ ಅವಧಿ ಎನ್ನುತ್ತಾರೆ. ‘ಷರತ್ತುಗಳು ನನಗೆ ಹೊಂದುವುದಿಲ್ಲ’ ಎಂದು ಕಂಪನಿಗೆ ಇಮೇಲ್ ಬರೆದರೆ ಸಾಕು. ಮೆಡಿಕಲ್ ಟೆಸ್ಟ್ ಖರ್ಚು, ಸ್ಟ್ಯಾಂಪ್ ಡ್ಯೂಟಿ, ಇಷ್ಟು ದಿನದ ಜೀವ ಕವರಿನ ಸಣ್ಣ ಮೊತ್ತ ಕಳೆದು ಉಳಿದ ಹಣ ವಾಪಸ್ ಬರುತ್ತದೆ. ವಾಪಸ್ ಮಾಡಿ.

ಯಾಕೆ ಅಂತೀರಾ? ಏಜೆಂಟ್ ಕೊಟ್ಟ ಹಾಳೆಯಲ್ಲಿ 12 ವರ್ಷ ತಲಾ 3 ಲಕ್ಷ, ಒಟ್ಟು 36 ಲಕ್ಷ ಕಟ್ಟಬೇಕು ಎಂದಿದೆ. 20ನೇ ವರ್ಷದ ಕೊನೆಗೆ 70 ಲಕ್ಷ ಸಿಗುತ್ತದಂತೆ. ಪಕ್ಕದಲ್ಲಿ ಪೆನ್ನಿನಿಂದ ‘ಡಬಲ್’ ಎಂದು ಬರೆದು ವೃತ್ತ ಹಾಕಿದ್ದಾರೆ. ಇಷ್ಟು ವರ್ಷಕ್ಕೆ ಡಬಲ್ ಆಗುವುದೆಂದರೆ ಬಡ್ಡಿ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿದೆ. ವರ್ಷಕ್ಕೆ ಸುಮಾರು 4.6% ಮಾತ್ರ. ಪೋಸ್ಟ್ ಆಫೀಸಿನ ಪಿಪಿಎಫ್ 7.1% ಕೊಡುತ್ತಿದೆ, ಅದೂ ತೆರಿಗೆ ಇಲ್ಲದೆ. ಇನ್ನು ಜೀವ ಕವರ್ ಬರೀ 36 ಲಕ್ಷ. ನಾಳೆ ನಿಮಗೇನಾದರೂ ಆದರೆ ಅದರಲ್ಲಿ ಅರ್ಧ ಎಜುಕೇಷನ್ ಲೋನಿಗೇ ಹೋಗುತ್ತದೆ. ಮಗಳಿಗೆ ಉಳಿಯೋದೆಷ್ಟು?

ಸೋದರಮಾವನಿಗೆ ಬೇಜಾರಾಗುತ್ತದೆ, ಗೊತ್ತು. ಇಮೇಲ್ ಕಳಿಸುವ ಮೊದಲು ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ‘ಮಾವ, ಇದು ಬೇಡ, ನಿಮ್ಮ ಕೈಯಿಂದಲೇ ಟರ್ಮ್ ಪಾಲಿಸಿ ಮಾಡಿಸ್ತೀನಿ’ ಅನ್ನಿ. ನಿಮಗೆ ನಿಜವಾಗಿ ಬೇಕಿರುವುದು ಅದೇ. 60 ವಯಸ್ಸಿನವರೆಗೆ ಒಂದೂವರೆ, ಎರಡು ಕೋಟಿಯ ಶುದ್ಧ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ, ಉಳಿತಾಯ ಬೆರೆಸದ ವಿಮೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯವಿಮೆಯ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ, ಮೊದಲು 18% ಇತ್ತು. ಅರ್ಜಿ ತುಂಬುವಾಗಲೇ ‘1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿ ಪಾಲಿಸಿ ಬೇಕು’ ಎಂದು ಹೇಳಿ ಆ ಫಾರಂ ತುಂಬಿಸಿ. ಆಗ ಆ ಹಣ ಹೆಂಡತಿ, ಮಗಳಿಗಾಗಿಯೇ ಮೀಸಲು. ನಿಮ್ಮ ಸಾಲಗಾರರು ಅದಕ್ಕೆ ಕೈ ಹಾಕುವಂತಿಲ್ಲ. ಮುಂದೆ ಯಾವತ್ತಾದರೂ ಆಸ್ಪತ್ರೆಗೆ ಸಾಲ ಮಾಡುವವರಿಗೆ ಇದು ತುಂಬಾ ದೊಡ್ಡ ರಕ್ಷಣೆ. ಪಾಲಿಸಿ ಬಂದ ಮೇಲೆ ಸೇರಿಸೋಣ ಅಂದರೆ ಆಗುವುದಿಲ್ಲ.

ಜೊತೆಗೆ ಒಂದು ಆಕ್ಸಿಡೆಂಟ್ ಪಾಲಿಸಿ. ಡಾಕ್ಟರ್‌ಗಳು ಸಾವಿಗೆ ವಿಮೆ ಮಾಡಿಸುತ್ತಾರೆ, ಕೆಲಸ ಮಾಡಲಾಗದ ಸ್ಥಿತಿಗೆ ಮಾಡಿಸುವುದಿಲ್ಲ. ಎಲ್ಲ ಕಂಪನಿಗಳಲ್ಲೂ ಒಂದೇ ತರಹ ಇರುವ ‘ಸರಳ ಸುರಕ್ಷಾ ಬಿಮಾ’ 2.5 ಲಕ್ಷದಿಂದ 1 ಕೋಟಿವರೆಗೆ ಸಿಗುತ್ತದೆ. ಶಾಶ್ವತ ಅಂಗವೈಕಲ್ಯವೂ ಅದರಲ್ಲಿ ಸೇರಿದೆ. ತಾತ್ಕಾಲಿಕವಾಗಿ ಮಲಗಿದರೆ ವಾರಕ್ಕಿಷ್ಟು ಕೊಡುವ ಐಚ್ಛಿಕ ಕವರ್ ಕೂಡ ಇದೆ, ಅದನ್ನೂ ಸೇರಿಸಿಕೊಳ್ಳಿ. ಆದರೆ ಇದು ಅಪಘಾತಕ್ಕೆ ಮಾತ್ರ, ಸ್ಟ್ರೋಕ್, ಕ್ಯಾನ್ಸರಿಗೆ ಅಲ್ಲ. ಅದಕ್ಕೆ ಟರ್ಮ್ ಪಾಲಿಸಿಗೆ ಕ್ರಿಟಿಕಲ್ ಇಲ್‌ನೆಸ್ ರೈಡರ್ (ಗಂಭೀರ ಕಾಯಿಲೆಗೆ ಹೆಚ್ಚುವರಿ ಕವರ್) ಸೇರಿಸಬೇಕು. ಮನೆಯವರ ಆರೋಗ್ಯ ವಿಮೆಯನ್ನೂ ತಡ ಮಾಡಬೇಡಿ. ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಆ ಲೆಕ್ಕ ಶುರುವಾಗುವುದು ಪಾಲಿಸಿ ಮಾಡಿಸಿದ ದಿನದಿಂದ. ಆಸ್ಪತ್ರೆ ಕೊಡುವ ‘ಸ್ಟಾಫ್ ಡಿಸ್ಕೌಂಟ್’ ಕೆಲಸ ಬಿಟ್ಟ ದಿನ ಮುಗಿಯುತ್ತದೆ.

ಈಗ ಎರಡನೇ ಕಾಗದ, ‘ಇನ್ಶೂರೆನ್ಸ್ ನಮ್ಮದಿದೆ’ ಎಂಬ ಮೇಲ್. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ಇಪ್ಪತ್ತೆರಡು ವರ್ಷದಿಂದ ಡಾಕ್ಟರ್‌ಗಳ ಲೆಕ್ಕಪತ್ರ ನೋಡುತ್ತಿದ್ದೇನೆ. ಅವರು ಓದದೆ ಫೈಲಿಗೆ ಸೇರಿಸುವ ಕಾಗದಗಳಲ್ಲಿ ಮೊದಲನೆಯದು ಇಂಡೆಮ್ನಿಟಿ ಪಾಲಿಸಿ, ಅಂದರೆ ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ರೋಗಿಯ ಕಡೆಯವರು ದೂರು ಕೊಟ್ಟರೆ ಪರಿಹಾರ, ವಕೀಲರ ಖರ್ಚು ಭರಿಸುವ ವಿಮೆ.

ಫೀಸ್ ಪಡೆದು ಕೊಡುವ ಚಿಕಿತ್ಸೆಗೂ ಗ್ರಾಹಕ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. 2013ರಲ್ಲಿ ಕೋಲ್ಕತ್ತದ ಅನುರಾಧಾ ಸಾಹಾ ಪ್ರಕರಣದಲ್ಲಿ ಅದೇ ಕೋರ್ಟ್ ಬಡ್ಡಿ ಬಿಟ್ಟು 5.96 ಕೋಟಿ ಪರಿಹಾರ ಕೊಡಿಸಿತು. ದೊಡ್ಡ ಪಾಲು ಆಸ್ಪತ್ರೆಯ ಮೇಲೆ ಬಿದ್ದರೂ ಡಾಕ್ಟರ್‌ಗಳಿಗೂ ಪಾಲು ಹಾಕಿತು. ಹಾಗಾಗಿ ಆಸ್ಪತ್ರೆಗೆ ವಿಮೆ ಇದ್ದ ಮಾತ್ರಕ್ಕೆ ನಿಮಗೂ ಇದೆ ಅಂದುಕೊಳ್ಳಬೇಡಿ. ಆಸ್ಪತ್ರೆಯ ಪಾಲಿಸಿ ಮುಖ್ಯವಾಗಿ ಆಸ್ಪತ್ರೆಯನ್ನು ಕಾಯಲು ಇರುತ್ತದೆ. ಅದರಲ್ಲಿ ನಿಮ್ಮ ಹೆಸರು ಇನ್ಶೂರ್ಡ್ ಎಂದು ಇದೆಯಾ? ಇದ್ದರೂ ನೀವು ಅಲ್ಲಿಂದ ಹೊರಬಂದ ಮೇಲೆ ಬರುವ ದೂರಿಗೆ ಅನ್ವಯಿಸುತ್ತದಾ? ಲಿಖಿತವಾಗಿ ಕೇಳಿ. ಅವರು ಏನೇ ಹೇಳಲಿ, ನಿಮ್ಮ ಹೆಸರಿನ ಪಾಲಿಸಿ ಒಂದು ಬೇಕೇ ಬೇಕು.

ಕೆಲವು ವರ್ಷದ ಹಿಂದೆ ಒಬ್ಬ ಡಾಕ್ಟರ್ ಮೇಡಂ ನನ್ನ ಆಫೀಸಿಗೆ ಬಂದು ಕಂದು ಕವರಿನಲ್ಲಿದ್ದ ಕಾಗದಗಳನ್ನು ಟೇಬಲ್ ಮೇಲೆ ಹರಡಿದರು. ಗ್ರಾಹಕ ಆಯೋಗದ ನೋಟಿಸ್ ಒಂದು, ಪಾಲಿಸಿ ಎರಡು. ದೂರು ಬಂದದ್ದು ಹಳೆಯ ಆಸ್ಪತ್ರೆಯಲ್ಲಿ ಒಂದೂವರೆ ವರ್ಷದ ಹಿಂದೆ ಕೊಟ್ಟ ಚಿಕಿತ್ಸೆ ಬಗ್ಗೆ. ಆಗ ಅವರಿಗೆ ಪಾಲಿಸಿ ಇತ್ತು. ಈಗಲೂ ಇತ್ತು. ಆದರೆ ಕೆಲಸ ಬದಲಾಯಿಸುವ ಗಡಿಬಿಡಿಯಲ್ಲಿ ನಡುವೆ ಮೂರು ತಿಂಗಳು ರಿನ್ಯೂ ಮಾಡಿಸಿರಲಿಲ್ಲ. ಎರಡನೇ ಪಾಲಿಸಿಯ ಮೊದಲ ಪುಟ ತಿರುಗಿಸಿ ‘ರೆಟ್ರೋಆಕ್ಟಿವ್ ಡೇಟ್’ ಎಂಬ ಸಾಲಿನ ಮೇಲೆ ಬೆರಳಿಟ್ಟೆ. ಅಲ್ಲಿ ಹೊಸ ಪಾಲಿಸಿ ಶುರುವಾದ ದಿನವೇ ಟೈಪ್ ಆಗಿತ್ತು. ಮೇಡಂ ಅದನ್ನು ನೋಡಿದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಂಡೆಮ್ನಿಟಿ ಪಾಲಿಸಿಯ ಸ್ವಭಾವವೇ ಹಾಗೆ. ದೂರು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು, ಚಿಕಿತ್ಸೆ ಕೊಟ್ಟ ದಿನ ಆ ರೆಟ್ರೋಆಕ್ಟಿವ್ ತಾರೀಖಿನ ನಂತರದ್ದಾಗಿರಬೇಕು. ಪ್ರತಿ ವರ್ಷ ಬಿಡದೆ ರಿನ್ಯೂ ಮಾಡಿಸಿದರೆ ಮೊದಲ ಪಾಲಿಸಿಯ ತಾರೀಖೇ ಮುಂದುವರಿಯುತ್ತದೆ. ನಡುವೆ ತಪ್ಪಿದರೆ ಹಳೆಯ ವರ್ಷಗಳೆಲ್ಲ ಕೈಬಿಟ್ಟು ಹೋಗಬಹುದು. ಮೇಡಂ ವಿಷಯದಲ್ಲಿ ಕಂಪನಿ ಕ್ಲೇಮ್ ಒಪ್ಪಲಿಲ್ಲ. ಕೊನೆಗೆ ದೂರು ವಜಾ ಆಯಿತು, ಅವರ ಚಿಕಿತ್ಸೆಯಲ್ಲಿ ತಪ್ಪಿರಲಿಲ್ಲ. ಆದರೆ ಅಷ್ಟು ದಿನದ ವಕೀಲರ ಫೀಸ್, ಓಡಾಟ ಎಲ್ಲ ಅವರ ಕೈಯಿಂದಲೇ ಹೋಯಿತು. ಅವತ್ತಿನಿಂದ ನನ್ನ ಹತ್ತಿರ ಬರುವ ಪ್ರತಿಯೊಬ್ಬ ಡಾಕ್ಟರ್‌ಗೂ ಕೆಲಸ ಬಿಡುವ ದಿನ, ಓದಲು ಹೋಗುವ ದಿನ, ಹೆರಿಗೆ ರಜೆಯ ದಿನ ಕೂಡ ಈ ಪಾಲಿಸಿ ನಿಲ್ಲಿಸಬೇಡಿ ಎನ್ನುತ್ತೇನೆ.

ಇನ್ನೊಂದು ಸಾಲು ಇದೆ, ಎಒಎ ಮತ್ತು ಎಒವೈ. ಒಂದು ಘಟನೆಗೆ ಎಷ್ಟು, ಒಂದು ವರ್ಷಕ್ಕೆ ಒಟ್ಟು ಎಷ್ಟು ಎಂಬ ಮಿತಿ. ‘ಒಂದು ಕೋಟಿ ಪಾಲಿಸಿ’ ಅಂತ ಮಾರಿರುತ್ತಾರೆ, ಅನುಪಾತ 1:4 ಇರುತ್ತದೆ. ಆಗ ಒಂದು ಕೇಸಿಗೆ ಸಿಗುವುದು 25 ಲಕ್ಷ ಮಾತ್ರ. ಐಸಿಯು ನೋಡುವ ಫಿಸಿಷಿಯನ್ ನೀವು, 1:1 ಕೇಳಿ. ಒಂದು ಕೋಟಿ ಒಂದೇ ಕೇಸಿಗೆ ಸಿಗುವಂತಿರಲಿ. ಪ್ರೀಮಿಯಂ ಸ್ವಲ್ಪ ಜಾಸ್ತಿಯಾಗುತ್ತದೆ, ಆಗಲಿ. ನಿಮ್ಮ ಸ್ಪೆಷಾಲಿಟಿ ಹೆಸರು ಸರಿಯಾಗಿ ಬರೆದಿದೆಯಾ, ನೀವು ಮಾಡುವ ಪ್ರೊಸೀಜರ್‌ಗಳು ಅದರಲ್ಲಿ ಬರುತ್ತವೆಯಾ ನೋಡಿ.

ಕೇಸ್ ಶೀಟ್ ಬಗ್ಗೆ ಒಂದು ಮಾತು, ಇದು ದುಡ್ಡಿನ ವಿಷಯವೂ ಹೌದು. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ದಾಖಲೆ ಆಸ್ಪತ್ರೆಯ ಕಪಾಟಿನಲ್ಲಿರುತ್ತದೆ, ನೋಟಿಸ್ ನಿಮ್ಮ ಮನೆಗೆ ಬರುತ್ತದೆ. ಬಿಟ್ಟು ಹೋದ ಮೇಲೂ ಕೇಸ್ ಬಂದರೆ ದಾಖಲೆಯ ಪ್ರತಿ ಕೊಡಬೇಕು ಎಂಬ ಸಾಲನ್ನು ಕರಾರಿನಲ್ಲಿ ಹಾಕಿಸಿ.

ಕರಾರು ಅಂದೆ, ಅದು ಮೂರನೇ ಕಾಗದ. 11ನೇ ಷರತ್ತು ಓದಿದಿರಾ? ಕೆಲಸ ಬಿಟ್ಟ ಮೇಲೆ ಎರಡು ವರ್ಷ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಪ್ರಾಕ್ಟೀಸ್ ಮಾಡುವಂತಿಲ್ಲ ಎಂದಿದೆ. ನಿಮ್ಮೂರೇ ಚಿತ್ರದುರ್ಗ ಜಿಲ್ಲೆಯದು! ಇದಕ್ಕೆ ಹೆದರಬೇಡಿ. 1872ರ ಕರಾರು ಕಾಯ್ದೆಯ ಸೆಕ್ಷನ್ 27ರ ಪ್ರಕಾರ ಕೆಲಸ ಬಿಟ್ಟ ನಂತರ ವೃತ್ತಿ ಮಾಡದಂತೆ ತಡೆಯುವ ಷರತ್ತು ಊರ್ಜಿತವಲ್ಲ. ಆದರೂ ಸುಮ್ನೆ ಸಹಿ ಹಾಕಬೇಡಿ, ತೆಗೆಸಿ. ನಾಳೆ ಅದನ್ನೇ ಹಿಡಿದು ವಕೀಲರ ನೋಟಿಸ್ ಕಳಿಸಿದರೆ ತಲೆನೋವು ನಿಮ್ಮದೇ. ಕರಾರಿನ ಅವಧಿಯೊಳಗೆ ಬೇರೆ ಕಡೆ ನೋಡಬಾರದು ಎಂಬ ಷರತ್ತು ಮಾತ್ರ ನಿಲ್ಲುತ್ತದೆ. ಅದರಲ್ಲಿ ‘ಭಾನುವಾರ ಸ್ವಂತ ಓಪಿಡಿಗೆ ಅನುಮತಿ’ ಎಂದು ಈಗಲೇ ಬರೆಸಿಕೊಳ್ಳಿ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

14ನೇ ಷರತ್ತು ಇನ್ನೂ ಕಷ್ಟದ್ದು. ನಿಮ್ಮ ಚಿಕಿತ್ಸೆಯಿಂದ ಆಸ್ಪತ್ರೆಗೆ ಆಗುವ ಯಾವುದೇ ನಷ್ಟವನ್ನು ನೀವೇ ಭರಿಸಬೇಕು ಎಂದಿದೆ. ಒಂದು ಕೈಯಲ್ಲಿ ‘ಇನ್ಶೂರೆನ್ಸ್ ನಮ್ಮದು’ ಎಂಬ ಮೇಲ್, ಇನ್ನೊಂದು ಕೈಯಲ್ಲಿ ಈ ಷರತ್ತು. ಎರಡನ್ನೂ ಜೊತೆಗಿಟ್ಟು ಓದಿ. ಪೂರ್ತಿ ತೆಗೆಸಲು ಆಗದಿದ್ದರೆ ‘ನ್ಯಾಯಾಲಯ ಅಥವಾ ಆಯೋಗ ಡಾಕ್ಟರದೇ ನಿರ್ಲಕ್ಷ್ಯ ಎಂದು ತೀರ್ಪು ಕೊಟ್ಟ ಮೊತ್ತದ ಮಟ್ಟಿಗೆ’ ಎಂದು ಬದಲಾಯಿಸಲು ಕೇಳಿ. ಎರಡು ಲಕ್ಷದ ಮಿನಿಮಮ್ ಗ್ಯಾರಂಟಿ ಎಷ್ಟು ತಿಂಗಳಿಗೆ ಎಂಬುದು ನನಗೆ ಕಾಣಲಿಲ್ಲ, ಅದನ್ನೂ ಬರೆಸಿಕೊಳ್ಳಿ.

ಬ್ಯಾಂಕಿನ ಪತ್ರಕ್ಕೆ ಹೋಗುವ ಮೊದಲು ತೆರಿಗೆ. ಇಲ್ಲಿ ನಿಮಗೊಂದು ಒಳ್ಳೆ ಸುದ್ದಿ ಇದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ 26ಎಎಸ್ (ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿ) ತೆಗೆಯಿರಿ. ಸೆಕ್ಷನ್ ಕಾಲಂನಲ್ಲಿ 192 ಇದ್ದರೆ ಸಂಬಳ, 194ಜೆ ಇದ್ದರೆ ವೃತ್ತಿಯ ಫೀಸ್. ಸರಿಯಾಗಿ 10% ಹಿಡಿಯುತ್ತಿದ್ದಾರೆ ಅಂದರೆ ನಿಮ್ಮದು 194ಜೆ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಬದಲಿಗೆ 44ಎಡಿಎ ಎಂಬ ಸೆಕ್ಷನ್ ಇದೆ. ವರ್ಷದ ವೃತ್ತಿ ಗಳಿಕೆ 50 ಲಕ್ಷದೊಳಗಿದ್ದರೆ, ನಗದು 5% ಮೀರದಿದ್ದರೆ 75 ಲಕ್ಷದೊಳಗಿದ್ದರೆ, ಬಂದ ಹಣದ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು. ನೀವೇ ಅದಕ್ಕಿಂತ ಹೆಚ್ಚು ತೋರಿಸಿದರೆ ಆ ಹೆಚ್ಚಿನದು.

ನಿಮಗೆ ವರ್ಷಕ್ಕೆ ಬರುವುದು 24 ಲಕ್ಷ. ಅರ್ಧ ಅಂದರೆ 12 ಲಕ್ಷ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಅಂದರೆ ವರ್ಷವಿಡೀ ಹಿಡಿದ 2.40 ಲಕ್ಷ ಟಿಡಿಎಸ್ ರಿಫಂಡ್ ಬರಬೇಕು. ಎಫ್‌ಡಿ ಬಡ್ಡಿ ಇದ್ದರೆ ಅದನ್ನು ಸೇರಿಸಲೇಬೇಕು. 12 ಲಕ್ಷದ ಮೇಲೆ 18,000 ಬಡ್ಡಿ ಬಂದರೆ ಆ 18,000 ಮತ್ತು ಅದರ ಮೇಲಿನ 4% ಸೆಸ್ ತೆರಿಗೆಗೆ ಹೋಗುತ್ತದೆ. ಮುಚ್ಚಿಡಬೇಡಿ, ಬ್ಯಾಂಕಿನಿಂದ ಅವರಿಗೆ ಮಾಹಿತಿ ಹೋಗಿಯೇ ಇರುತ್ತದೆ. 2026ರ ಏಪ್ರಿಲ್‌ನಿಂದ ಅನ್ವಯಿಸುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಸೆಕ್ಷನ್ ನಂಬರ್‌ಗಳು ಬೇರೆ, ಹಾಗಾಗಿ ಮುಂದೆ ಹಳೆ ನಂಬರ್ ಹುಡುಕಿ ಗಾಬರಿಯಾಗಬೇಡಿ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ‘ಎಜುಕೇಷನ್ ಲೋನ್ ಬೇಗ ತೀರಿಸಬೇಡ, ತೆರಿಗೆ ಉಳಿಯುತ್ತೆ’ ಎಂದು ನಿಮಗೆ ಯಾರಾದರೂ ಹೇಳಿರುತ್ತಾರೆ. ಬಡ್ಡಿಯ ಆ ವಿನಾಯಿತಿ ಹಳೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ತೆರಿಗೆಯೇ ಸೊನ್ನೆಯಾದ ನಿಮಗೆ ಅದರಿಂದ ಒಂದು ರೂಪಾಯಿ ಲಾಭವಿಲ್ಲ. ರಿಫಂಡ್ ಬಂದರೆ ಮೊದಲು ಆರು ತಿಂಗಳ ಮನೆ ಖರ್ಚಿನಷ್ಟು ಹಣ ಬೇರೆ ಖಾತೆಯಲ್ಲಿಡಿ. ಆಮೇಲೆ ಕೈಗೆ ಬಂದದ್ದೆಲ್ಲ ಈ ಸಾಲಕ್ಕೆ ಹಾಕಿ. ಫ್ಲೋಟಿಂಗ್ ಬಡ್ಡಿಯ ಸಾಲ ಮೊದಲೇ ತೀರಿಸಿದರೆ ದಂಡ ಇಲ್ಲ. ಪಿಪಿಎಫ್, ಇಂಡೆಕ್ಸ್ ಫಂಡಿನ ಸಣ್ಣ ಎಸ್‌ಐಪಿ ಜೊತೆಗೆ ನಡೆಯಲಿ. ಹೂಡಿಕೆ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು.

ಈಗ ಬ್ಯಾಂಕಿನ ಪತ್ರ. 80 ಲಕ್ಷ, 10% ಬಡ್ಡಿ, 10 ವರ್ಷ. ಇಎಂಐ ಸುಮಾರು 1.06 ಲಕ್ಷ, ವರ್ಷಕ್ಕೆ 12.69 ಲಕ್ಷ ಆಗುತ್ತದೆ. ನಿಮ್ಮ ರಿಟರ್ನ್‌ನಲ್ಲಿ ಇರುವ ಇಡೀ ಆದಾಯ 12 ಲಕ್ಷ. ಅಂದರೆ ನಿಮ್ಮ ಆದಾಯ ನೋಡಿ ಯಾವ ಬ್ಯಾಂಕೂ ಇಷ್ಟು ಸಾಲ ಕೊಡಲು ಸಾಧ್ಯವಿಲ್ಲ. ಅದಕ್ಕೇ ಅಪ್ಪನ ತೋಟ ಕೇಳಿದ್ದು. ‘ಡಾಕ್ಟರ್ ಅಂತ ನಂಬಿ ಕೊಡ್ತಿದ್ದಾರೆ’ ಎಂದು ನೀವು ಬರೆದಿದ್ದೀರಿ. ಅವರು ನಂಬಿರುವುದು ಪಹಣಿಯನ್ನು. ನಿಮ್ಮಪ್ಪನಿಗೆ ಆ ತೋಟ ಬಿಟ್ಟು ಬೇರೆ ಆದಾಯವಿಲ್ಲ ಎಂದೂ ನೀವೇ ಬರೆದಿದ್ದೀರಿ. ಆ ತೋಟಕ್ಕೆ ಕೈ ಹಾಕಬೇಡಿ, ಡಾಕ್ಟ್ರೇ. ಇದನ್ನು ಲೆಕ್ಕದವನಾಗಿ ಅಷ್ಟೇ ಅಲ್ಲ, ಹಳ್ಳಿಯಿಂದ ಬಂದವನಾಗಿಯೂ ಹೇಳುತ್ತಿದ್ದೇನೆ.

10 ಬೆಡ್ ಅಂದರೆ ಕಟ್ಟಡ ಅಷ್ಟೇ ಅಲ್ಲ. ಮೂರು ಪಾಳಿಗೆ ನರ್ಸ್‌ಗಳು, ರಾತ್ರಿಗೆ ಡ್ಯೂಟಿ ಡಾಕ್ಟರ್, ಫಾರ್ಮಸಿಗೆ ಲೈಸೆನ್ಸ್, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕೆಪಿಎಂಇ ನೋಂದಣಿ, ವೈದ್ಯಕೀಯ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಸ್ಕ್ಯಾನಿಂಗ್ ಮಷಿನ್ ಇಟ್ಟರೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ಪಿಸಿಪಿಎನ್‌ಡಿಟಿ ನೋಂದಣಿ. ಸರ್ಕಾರಿ ಆರೋಗ್ಯ ಸ್ಕೀಮಿನ ಹಣ, ಇನ್ಶೂರೆನ್ಸ್ ಹಣ ಬರುವವರೆಗೆ ಸಂಬಳ, ಕರೆಂಟ್ ಬಿಲ್ಲು ಎಲ್ಲ ಕೈಯಿಂದ ನಡೆಯಬೇಕು. ಬೆಡ್ ಖಾಲಿ ಇದ್ದರೂ 5ನೇ ತಾರೀಖಿಗೆ ಇಎಂಐ ಕಟ್ಟಾಗುತ್ತದೆ.

ಆಗ ಏನಾಗುತ್ತದೆ ಎಂಬುದನ್ನು ನಾನು ಲೆಕ್ಕದ ಪುಸ್ತಕಗಳಲ್ಲಿ ನೋಡಿದ್ದೇನೆ. ಕೇಸ್ ಕಳಿಸಿದವರಿಗೆ ಕೊಡುವ ದುಡ್ಡು ‘ಪ್ರಚಾರ ವೆಚ್ಚ’ ಎಂಬ ಹೆಸರಿನಲ್ಲಿ ಬಂದು ಕೂರುತ್ತದೆ. ಕಮಿಷನ್ ಕೊಡುವುದು, ತೆಗೆದುಕೊಳ್ಳುವುದು ಎರಡೂ 2002ರ ವೈದ್ಯರ ನೀತಿ ನಿಯಮದಲ್ಲಿ ನಿಷಿದ್ಧ. ಒಳ್ಳೆ ಡಾಕ್ಟರ್‌ಗಳೇ ಅದಕ್ಕೆ ಇಳಿದದ್ದನ್ನು ನೋಡಿದ್ದೇನೆ, ಅವರು ಕೆಟ್ಟವರಾಗಿದ್ದರು ಅಂತಲ್ಲ, ತಿಂಗಳ ಕಂತು ಅವರನ್ನು ಅಲ್ಲಿಗೆ ತಳ್ಳಿತು. ಮನೆಗೆ ಕಳಿಸಬಹುದಾದ ಜ್ವರದ ರೋಗಿಯನ್ನು ‘ಒಂದು ದಿನ ಇರಲಿ’ ಎನ್ನುವ ಯೋಚನೆ ನಿಮ್ಮ ತಲೆಗೂ ಬರಬಾರದು. ಅದಕ್ಕೇ ಇಷ್ಟು ದೊಡ್ಡ ಕಂತು ಈಗ ಬೇಡ ಎನ್ನುತ್ತಿದ್ದೇನೆ.

ಡಿಎಂ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ಪತ್ರದ ಕೊನೆಯಲ್ಲಿ ಅದನ್ನೇ ಇಟ್ಟಿದ್ದೀರಿ. ಅಲ್ಲೇ ಮನಸ್ಸಿದೆ ಅನಿಸುತ್ತದೆ. ಮೂರು ವರ್ಷ ಸ್ಟೈಪೆಂಡ್ ಮೇಲೆ ಬದುಕಬೇಕು, ಹೆಂಡತಿಯ ಕೆಲಸ ಕಾಯಂ ಅಲ್ಲ, ಮಗು ಚಿಕ್ಕದು. ಕಷ್ಟವಿದೆ, ಆದರೆ ಆಗದ ಮಾತಲ್ಲ. ಎಜುಕೇಷನ್ ಲೋನ್ ಅರ್ಧಕ್ಕೆ ಇಳಿದು, ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿದ್ದರೆ ಹೋಗಿ ಬರಬಹುದು. 80 ಲಕ್ಷದ ಸಾಲ ಇದ್ದರೆ ಡಿಎಂ ಪ್ರವೇಶ ಪರೀಕ್ಷೆಯಾದ ನೀಟ್ ಎಸ್‌ಎಸ್ ರ‍್ಯಾಂಕ್ ಬಂದರೂ ಸೀಟು ಬಿಡಬೇಕಾಗುತ್ತದೆ. ಸೀಟು ತೆಗೆದುಕೊಳ್ಳುವ ಮೊದಲು ಆ ಕಾಲೇಜಿನ ಬಾಂಡ್ ಎಷ್ಟು ವರ್ಷದ್ದು, ಮುರಿದರೆ ಎಷ್ಟು ಕಟ್ಟಬೇಕು ಎಂಬುದನ್ನು ಮನೆಯಲ್ಲಿ ಕೂತು ಇಬ್ಬರೂ ಓದಿ. ಈ ನಿರ್ಧಾರ ನಿಮ್ಮೊಬ್ಬರದೇ ಅಲ್ಲ, ಮೂರು ವರ್ಷ ಮನೆ ನಡೆಸುವವರು ನಿಮ್ಮ ಹೆಂಡತಿ.

ಹೊಸದುರ್ಗದ ಆಸೆಯನ್ನೂ ಬಿಡಬೇಡಿ. ಊರಿನಲ್ಲಿ ಒಂದು ಸಣ್ಣ ಜಾಗ ಬಾಡಿಗೆಗೆ ಹಿಡಿಯಿರಿ. ಓಪಿಡಿಗೂ ಕೆಪಿಎಂಇ ನೋಂದಣಿ ಬೇಕು, ಅದನ್ನು ಮಾಡಿಸಿ. ಭಾನುವಾರ ಬೆಳಿಗ್ಗೆ ಮಾತ್ರ ನೋಡಿ. ಕರಾರಿನಲ್ಲಿ ಅನುಮತಿ ಬರೆಸಿಕೊಳ್ಳಿ ಅಂದದ್ದು ಇದಕ್ಕೇ. ಒಂದು ಉದ್ದನೆಯ ನೋಟ್‌ಬುಕ್ ಇಟ್ಟು ನಾಲ್ಕು ಕಾಲಂ ಹಾಕಿ: ಹೊಸಬರು, ಮತ್ತೆ ಬಂದವರು, ಅಡ್ಮಿಟ್ ಮಾಡಲೇಬೇಕಿದ್ದವರು, ದಾವಣಗೆರೆಗೋ ಚಿತ್ರದುರ್ಗಕ್ಕೋ ಕಳಿಸಿದವರು. ಒಂದು ವರ್ಷ ಬರೆದರೆ ಮೂರನೇ ಕಾಲಂ ನೋಡಿಯೇ ಗೊತ್ತಾಗುತ್ತದೆ, ಅಲ್ಲಿ 10 ಬೆಡ್ ಬೇಕಾ, 4 ಸಾಕಾ, ಅಥವಾ ಓಪಿಡಿ ಒಂದೇ ಸಾಕಾ ಅಂತ. ಬ್ಯಾಂಕಿನವರು ತೋರಿಸಿದ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ 70% ಬೆಡ್ ತುಂಬಿರುತ್ತವೆ ಎಂದು ಬರೆದಿದ್ದಾರಲ್ಲ, ಆ ಅಂಕಿ ಯಾರ ಹತ್ತಿರವೂ ಕೇಳಿ ಬರೆದದ್ದಲ್ಲ. ನಿಮ್ಮ ನೋಟ್‌ಬುಕ್ಕಿನ ಅಂಕಿ ನಿಮ್ಮ ಕೈಯಾರೆ ಬರೆದದ್ದಾಗಿರುತ್ತದೆ.

ಪುಸ್ತಕ ತುಂಬಿದ ಮೇಲೆ ಅದರ ಫೋಟೋ ತೆಗೆದು ಕಳಿಸಿ, ಸಾಲದ ಲೆಕ್ಕ ಮತ್ತೆ ಕೂತು ಹಾಕೋಣ. ಫ್ರೀ ಲುಕ್ ಇಮೇಲ್ ಮಾತ್ರ ಈ ವಾರವೇ ಹೋಗಲಿ. ಪಾಲಿಸಿ ಕೈಸೇರಿದ ತಾರೀಖಿರುವ ಕೊರಿಯರ್ ಕವರ್ ಎಸೆದಿಲ್ಲ ತಾನೇ? ಅದನ್ನು ಜೋಪಾನವಾಗಿಡಿ, 30 ದಿನದ ಲೆಕ್ಕಕ್ಕೆ ಅದೇ ಸಾಕ್ಷಿ.